ಬೊಟ್ಟು ಅಂಟಿಸಿದ ಫೋನು

ನನ್ನ ಮುಖ ನೋಡಬೇಕೆಂದರೆ ಅಮ್ಮ ಈಗ ನನ್ನ ಕಿವಿಯ ಕಡೆ ನೋಡುತ್ತಾಳೆ. ನೇರವಾಗಿ ನೋಡಿದರೆ ಮುಖ ಇರಬೇಕಾದ ಜಾಗದಲ್ಲಿ ಬೂದಿ ಬಣ್ಣದ ಒಂದು ಮಚ್ಚೆ ಕಾಣುತ್ತದಂತೆ. ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮಚ್ಚೆಯೂ ಸರಿದು, ಅಂಚಿನಲ್ಲಿ ನಾನು ಅಷ್ಟಿಷ್ಟು ಕಾಣುತ್ತೇನೆ. ಡಾಕ್ಟರು ಹೇಳಿದ ಹೆಸರು ಮ್ಯಾಕ್ಯುಲರ್ ಡಿಜೆನರೇಶನ್. ಅಕ್ಷಿಪಟಲದ ನಟ್ಟನಡುವೆ, ಅಕ್ಷರ ಓದಲು, ಸೂಜಿಗೆ ದಾರ ಪೋಣಿಸಲು, ಮುಖ ಗುರುತಿಸಲು ಬೇಕಾದ ಚಿಕ್ಕ ಭಾಗವೊಂದಿದೆ. ಅದು ಸವೆಯುತ್ತಾ ಹೋಗುವ ಕಾಯಿಲೆ ಇದು. ಸುತ್ತಲಿನ ನೋಟ ಉಳಿಯುತ್ತದೆ. ಹಾಗಾಗಿ ಎಪ್ಪತ್ತನಾಲ್ಕರ ಅಮ್ಮ ಇವತ್ತಿಗೂ ತೋಟದ ಸಂಕ, ಅಂದರೆ ಕಾಲುಸೇತುವೆ, ದಾಟುತ್ತಾಳೆ, ಅಂಗಳದಲ್ಲಿ ಅಡಿಕೆ ಹರವುತ್ತಾಳೆ. ಪೇಪರಿನ ತಲೆಬರಹ ಮಾತ್ರ ಓದಲಾರಳು.

ಇದು ನಮಗೆ ಗೊತ್ತಾಗಿದ್ದು ಬಾಗಿಲಿನಿಂದ. "ನಡುಮನೆ ದಾರಂದ ಸೊಟ್ಟ ಆಗಿದೆ, ಗೆದ್ದಲು ಹಿಡಿದಿರಬೇಕು" ಎಂದು ಅಮ್ಮ ಬಡಗಿಯನ್ನು ಕರೆಸಿದ್ದಳು. ಬಡಗಿ ಮೂಲೆಮಟ್ಟ ಹಿಡಿದು ನೋಡಿ, ದಾರಂದ ನೆಟ್ಟಗಿದೆ ಅಂದ. ಅಮ್ಮ ಒಪ್ಪಲಿಲ್ಲ. ಆಮೇಲೆ ಕಂಬವೂ ಬಾಗಿದಂತೆ ಕಂಡಿತು, ಪೇಪರಿನ ಸಾಲುಗಳೂ ಬಾಗಿದವು. ನೇರ ಗೆರೆ ಬಾಗಿ ಕಾಣುವುದು ಈ ಕಾಯಿಲೆಯ ಮೊದಲ ಸುಳಿವುಗಳಲ್ಲಿ ಒಂದು ಎಂದು ಆಗ ನನಗೆ ಗೊತ್ತಿರಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ಚೌಕುಳಿ ಗೆರೆ ಎಳೆದು ನಡುವೆ ಚುಕ್ಕೆ ಇಟ್ಟ ಒಂದು ಕಾರ್ಡು ಕೊಟ್ಟರು. ಅದಕ್ಕೆ ಆಮ್ಸ್ಲರ್ ಗ್ರಿಡ್ ಅನ್ನುತ್ತಾರೆ, ಸ್ವಿಟ್ಜರ್‌ಲೆಂಡಿನ ಕಣ್ಣಿನ ವೈದ್ಯ ಮಾರ್ಕ್ ಆಮ್ಸ್ಲರ್ ಹೆಸರಿನಲ್ಲಿ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಚುಕ್ಕೆ ನೋಡಬೇಕು, ಗೆರೆಗಳು ಅಲೆಯಂತೆ ಕಂಡರೆ ಅಥವಾ ನಡುವೆ ಮಾಯವಾದರೆ ಕೂಡಲೇ ವೈದ್ಯರ ಹತ್ತಿರ ಹೋಗಬೇಕು. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಇದೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಡಿ. ಕರೆಂಟು ಬೇಡ, ಚಾರ್ಜು ಬೇಡ, ಒಂದು ಹಾಳೆ. ನಮಗೆ ಇದು ಮೂರು ವರ್ಷ ಮೊದಲೇ ಸಿಕ್ಕಿದ್ದರೆ ಎಂದು ನಾನು ಈಗಲೂ ಕೊರಗುತ್ತೇನೆ.

ನಾನಿರುವುದು ಬೆಂಗಳೂರಿನಲ್ಲಿ. ಅಮ್ಮ ಇರುವುದು ತೀರ್ಥಹಳ್ಳಿಯ ಆಚೆ, ಮಳೆಗಾಲದಲ್ಲಿ ನೆಟ್‌ವರ್ಕು ಅಟ್ಟದ ಕಿಟಕಿಯ ಹತ್ತಿರ ಮಾತ್ರ ಸಿಗುವ ಊರಿನಲ್ಲಿ. ಆಸ್ಪತ್ರೆಯಿಂದ ಬಂದ ವಾರ ನಾನು ಮಾಡಿದ ಮೊದಲ ಕೆಲಸವೆಂದರೆ ಅವಳಿಗೆ ದೊಡ್ಡ ಪರದೆಯ ಹೊಸ ಫೋನು ತಂದು, ನನಗೆ ಒಳ್ಳೆಯದೆನಿಸಿದ ಇಪ್ಪತ್ತಕ್ಕೂ ಹೆಚ್ಚು ಆ್ಯಪ್ ತುಂಬಿದ್ದು. ಮಾತ್ರೆ ನೆನಪಿಸುವುದು, ನೀರು ಕುಡಿಯಲು ನೆನಪಿಸುವುದು, ಹೆಜ್ಜೆ ಎಣಿಸುವುದು, ಅವಳು ಎಲ್ಲಿದ್ದಾಳೆಂದು ನನಗೆ ತಿಳಿಸುವುದು. ಜಗಲಿಯಲ್ಲಿ ಒಂದು ಕ್ಯಾಮೆರಾ ಕೂಡ ಹಾಕಿಸಿದೆ. ಆಫೀಸಿನಲ್ಲಿ ಕೂತು ಅಮ್ಮ ಓಡಾಡುವುದನ್ನು ನೋಡಿದರೆ ಸಮಾಧಾನವಾಗುತ್ತಿತ್ತು. ನಾಲ್ಕನೇ ದಿನಕ್ಕೆ ಪರದೆ ಕಪ್ಪಾಯಿತು. ವೈರು ಕಿತ್ತಿರಬೇಕೆಂದು ಫೋನು ಮಾಡಿದೆ. ಅಮ್ಮ ಅದರ ಮೇಲೆ ಬೈರಾಸು ಹೊದಿಸಿದ್ದಳು.

"ಇದು ನನ್ನ ನೋಡ್ಕೊಳ್ಳೋದಕ್ಕೆ ಇಟ್ಟಿದ್ದಾ, ಕಾಯೋದಕ್ಕೆ ಇಟ್ಟಿದ್ದಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಪ್ರಶ್ನೆ ಇಟ್ಟುಕೊಂಡು ಫೋನಿನಲ್ಲಿದ್ದ ಆ್ಯಪ್‌ಗಳನ್ನು ಒಂದೊಂದಾಗಿ ನೋಡಿದೆ. ಹೆಚ್ಚಿನವು ನನ್ನ ಅನುಕೂಲಕ್ಕೆ ಇದ್ದವು. ಅಮ್ಮನಿಗೆ ಬೇಕಾಗಿದ್ದೇ ಬೇರೆ. ಪೇಪರು ಓದಿ ಅಂತ ಪಕ್ಕದ ಮನೆಯ ಹುಡುಗನನ್ನು ಕರೆಯಬಾರದು. ಅಂಗಡಿಯಲ್ಲಿ ನೋಟು ಎಷ್ಟರದು ಎಂದು ಕೇಳಬಾರದು. ಯಾರ ಫೋನು ಬಂತು ಎಂದು ತಿಳಿಯಲು ಕೆಲಸದವಳನ್ನು ಕೂಗಬಾರದು. ಇಷ್ಟು ವರ್ಷ ಯಾರನ್ನೂ ಕೇಳದೆ ಮಾಡಿಕೊಂಡು ಬಂದದ್ದನ್ನು ಹಾಗೇ ಮಾಡಿಕೊಂಡು ಹೋಗಬೇಕು, ಅಷ್ಟೆ. ಅವತ್ತು ಹದಿನೇಳು ಆ್ಯಪ್ ಅಳಿಸಿದೆ. ಕ್ಯಾಮೆರಾ ಬಿಚ್ಚಿಸಿದೆ.

ಆಮೇಲೆ ಟಾಕ್‌ಬ್ಯಾಕ್ ಕಲಿಯಲು ಕೂತೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗದೊಳಗೆ ಇರುವ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ ಅದು. ದುಡ್ಡು ಕೊಡಬೇಕಾಗಿಲ್ಲ. ಎಷ್ಟೋ ಫೋನುಗಳಲ್ಲಿ ಮೊದಲೇ ಇರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ. ಆನ್ ಮಾಡಿದ ಕೂಡಲೇ ಕಣ್ಣಿದ್ದವರು ಗಾಬರಿಯಾಗುತ್ತಾರೆ. ಏಕೆಂದರೆ ಫೋನು ಮುಟ್ಟುವ ರೀತಿಯೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಬೆರಳಿನ ಕೆಳಗೆ ಏನಿದೆ ಎಂದು ಹೇಳುತ್ತದೆ, ತೆರೆಯುವುದಿಲ್ಲ. ತೆರೆಯಲು ಎರಡು ಸಲ ತಟ್ಟಬೇಕು. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಪುಟ ಸರಿಸಲು ಎರಡು ಬೆರಳು ಬೇಕು. ನಾನು ಕಣ್ಣು ಬಿಟ್ಟುಕೊಂಡು ಕಲಿಯಲು ಹೋಗಿ ಒಂದಿಡೀ ಭಾನುವಾರ ಕಳೆದೆ, ಬರಲಿಲ್ಲ. ಕಣ್ಣು ನೋಡಿದ ಜಾಗಕ್ಕೆ ಬೆರಳು ಓಡುತ್ತಿತ್ತು. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತೆ. ಒಂದು ತಾಸಿನಲ್ಲಿ ದಾರಿ ಸಿಕ್ಕಿತು. ಮನೆಯ ಹಿರಿಯರಿಗೆ ಇದನ್ನು ಕಲಿಸಬೇಕೆಂದಿರುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ನೀವು ಕಣ್ಣು ಮುಚ್ಚಿ ಒಂದು ಫೋನು ಕರೆ ಮಾಡಿ, ಒಂದು ಮೆಸೇಜು ಕೇಳಿ. ಅದಾದ ಮೇಲೆ ಅವರ ಕೈ ಹಿಡಿಯಿರಿ.

ಇನ್ನೊಂದು ಮಾತು. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಕೆಲವು ಸೆಕೆಂಡು ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆನ್ ಅಥವಾ ಆಫ್ ಆಗುವಂತೆ ಇಟ್ಟುಕೊಳ್ಳಬಹುದು. ಇದನ್ನು ಮೊದಲ ದಿನವೇ ಮಾಡಿ. ಮನೆಗೆ ಬಂದ ನೆಂಟರು ಫೋನು ತೆಗೆದುಕೊಂಡು, ಕೆಟ್ಟುಹೋಗಿದೆ ಅಂತ ಅಂಗಡಿಗೆ ಒಯ್ದು ರೀಸೆಟ್ ಮಾಡಿಸುವುದು ತಪ್ಪುತ್ತದೆ. ನಮ್ಮಲ್ಲಿ ಒಮ್ಮೆ ಹಾಗಾಗಿ, ಅಮ್ಮ ಕಲಿತದ್ದೆಲ್ಲ ಮತ್ತೆ ಮೊದಲಿನಿಂದ ಶುರುವಾಯಿತು.

ಫೋನು ಕನ್ನಡದಲ್ಲಿ ಮಾತಾಡಿದ ಮೊದಲ ದಿನ ಅಮ್ಮ ಹೇಳಿದ್ದು, "ಇವಳಿಗೆ ಉಸಿರು ಬೇಡವಾ?" ಎಂದು. ಓದುವ ದನಿ ಎಲ್ಲೂ ನಿಲ್ಲುವುದಿಲ್ಲ. ಬರೆದವರು ಪೂರ್ಣವಿರಾಮ ಹಾಕದಿದ್ದರೆ ಒಂದು ವಾಕ್ಯ ಇನ್ನೊಂದರ ಬೆನ್ನೇರುತ್ತದೆ. ನಾವು ವಾಟ್ಸ್‌ಆ್ಯಪ್‌ನಲ್ಲಿ ಚುಕ್ಕೆ, ಅಲ್ಪವಿರಾಮ ಇಲ್ಲದೆ ಬರೆಯುತ್ತೇವಲ್ಲ, ಕಿವಿಯಿಂದ ಓದುವವರಿಗೆ ಅದು ಎಷ್ಟು ಕಷ್ಟವೆಂದು ನನಗೆ ಗೊತ್ತಾಗಿದ್ದು ಆಗಲೇ. ಸಾಲಿನ ಕೊನೆಗೆ ಹತ್ತು ಕೈಮುಗಿದ ಚಿತ್ರ ಹಾಕಿದರೆ ದನಿ ಆ ಚಿತ್ರದ ಹೆಸರನ್ನು ಹತ್ತು ಸಲವೂ ಹೇಳುತ್ತದೆ. ನಮ್ಮ ಕುಟುಂಬದ ಗುಂಪಿನಲ್ಲಿ ಈಗ ಎಲ್ಲರೂ ಒಂದೇ ಕೈ ಮುಗಿಯುತ್ತಾರೆ.

ದಿನಪತ್ರಿಕೆಯ ಕತೆ ದೊಡ್ಡದು. ಅಮ್ಮ ಐವತ್ತು ವರ್ಷ ಬೆಳಗಿನ ಕಾಫಿಯ ಜೊತೆ ಪೇಪರು ಓದಿದವಳು. ನಮ್ಮೂರಿಗೆ ಪೇಪರು ಬರುವುದೇ ಮೊದಲ ಬಸ್ಸಿಗೆ, ಹಾಗಾಗಿ ಅವಳ ಕಾಫಿಯೂ ತಡ. ಪತ್ರಿಕೆಗಳ ವೆಬ್‌ಸೈಟುಗಳಲ್ಲಿ ಸುದ್ದಿ ಅಕ್ಷರವಾಗಿಯೇ ಇರುವುದರಿಂದ ದನಿ ಅದನ್ನು ಓದುತ್ತದೆ. ಆದರೆ ನೆಂಟರು ಕಳಿಸುವುದು ಪೇಪರಿನ ಫೋಟೋ. ಪಂಚಾಯಿತಿ ಗುಂಪಿನಲ್ಲಿ ಬರುವುದು ಸುತ್ತೋಲೆಯ ಫೋಟೋ. ಮದುವೆ ಕಾಗದವೂ ಫೋಟೋ. ಕಣ್ಣಿದ್ದವರಿಗೆ ಅದು ಬರಹ, ಫೋನಿಗೆ ಅದು ಬರೀ ಚಿತ್ರ. ಅದಕ್ಕೆಂದು ಅಮ್ಮನಿಗೆ ಗೂಗಲ್ ಲೆನ್ಸ್ ಕಲಿಸಿದೆ. ಅಚ್ಚಿನ ಕನ್ನಡವನ್ನು ಗುರುತಿಸಿ ಅಕ್ಷರ ಮಾಡುತ್ತದೆ, ಆಮೇಲೆ ಓದಿಸಬಹುದು. ಮದುವೆ ಕಾಗದದ ಬಳ್ಳಿ, ಗಣಪತಿ, ಬಣ್ಣದ ಹಿನ್ನೆಲೆಗಳ ನಡುವೆ ಮುಹೂರ್ತ ಹುಡುಕುವುದು ಯಾವ ಯಂತ್ರಕ್ಕೂ ಸುಲಭವಲ್ಲ. ಅದಕ್ಕೆ ನಾನು ಗುಂಪಿನಲ್ಲಿ ಕೈಮುಗಿದು ಕೇಳಿಕೊಂಡೆ: ಕಾಗದ ಕಳಿಸಿ, ಕೆಳಗೆ ಎರಡು ಸಾಲು ಟೈಪ್ ಮಾಡಿ, ಆಗದಿದ್ದರೆ ಬಾಯಲ್ಲಿ ಹೇಳಿ ಕಳಿಸಿ. ಈಗ ಹೆಚ್ಚಿನವರು ಹಾಗೆ ಮಾಡುತ್ತಾರೆ.

ಇದಕ್ಕಿಂತ ವಿಚಿತ್ರವಾದ ತೊಂದರೆ ಒಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ದಿನ ಅಮ್ಮ ಫೋನು ಮಾಡಿ, "ಇದಕ್ಕೆ ಎಂತದೋ ಮೈಮೇಲೆ ಬಂದಿದೆ" ಅಂದಳು. ಒಂದು ಕಚೇರಿಯ ಪ್ರಕಟಣೆಯ ಪಿಡಿಎಫ್ ಅದು. ಫೋಟೋ ಅಲ್ಲ, ಅಕ್ಷರವೇ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ದನಿ ಮಾತ್ರ ಅರ್ಥವಿಲ್ಲದ ಸದ್ದುಗಳನ್ನು ಹೊರಡಿಸುತ್ತಿತ್ತು. ಕಾರಣ ಹಳೆಯದು. ಕನ್ನಡಕ್ಕೆ, ಎಲ್ಲ ಭಾಷೆಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ತನ್ನದೇ ಜಾಗ ಇದ್ದರೂ, ಕಂಪ್ಯೂಟರುಗಳಲ್ಲಿ ಅದು ಬಳಕೆಗೆ ಬರುವ ಮೊದಲು ಹಳೆಯ ಕಾಲದ ಫಾಂಟುಗಳು ಬೇರೆ ಉಪಾಯ ಮಾಡಿದ್ದವು. ಯುರೋಪಿನ ಲಿಪಿಯ ಗುರುತುಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಕೂರಿಸಿದವು. ಆ ಉಪಾಯವಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಅಷ್ಟು ಬೇಗ ಬರುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದಾಗ ನಾನು ಮೊದಲ ಸಲ ಕನ್ನಡದಲ್ಲಿ ಟೈಪ್ ಮಾಡಿದ್ದು, ಆ ಸಂತೋಷ ಇನ್ನೂ ನೆನಪಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಋಣವಂತೂ ಇವತ್ತಿಗೂ ನನ್ನ ಬೆರಳುಗಳ ಮೇಲಿದೆ. ಉಚ್ಚರಿಸಿದ ಕ್ರಮದಲ್ಲೇ ಒತ್ತುತ್ತಾ ಹೋಗುವ ಆ ಸರಳತೆಯಿಂದಲೇ ಈ ಬರಹವನ್ನೂ ಟೈಪ್ ಮಾಡುತ್ತಿದ್ದೇನೆ. ಆದರೆ ಆ ಕಾಲದ ಫಾಂಟುಗಳಲ್ಲಿ ಈಗಲೂ ಪ್ರಕಟಣೆ ಹೊರಡಿಸಿದರೆ ಕಂಪ್ಯೂಟರಿಗೆ ಅಲ್ಲಿ ಕನ್ನಡವೇ ಇಲ್ಲ. ಹುಡುಕಿದರೆ ಸಿಗುವುದಿಲ್ಲ, ಓದಿಸಿದರೆ ಗದ್ದಲ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ನಾನೂ ಬಳಸುತ್ತೇನೆ. ಆದರೆ ಎಪ್ಪತ್ತನಾಲ್ಕರ ಹೆಂಗಸು ಪಿಡಿಎಫ್‌ನಿಂದ ಕಾಪಿ ಮಾಡಿ, ಪರಿವರ್ತಿಸಿ, ಆಮೇಲೆ ಕೇಳಬೇಕೆ? ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ, ಸಂಘಗಳಲ್ಲಿ ಕನ್ನಡ ಟೈಪ್ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಯುನಿಕೋಡ್ ಫಾಂಟ್ ಬಳಸಿ. ನೀವು ಒತ್ತುವ ಕೀಲಿ ಅದೇ ಇರುತ್ತದೆ.

ಪುಸ್ತಕದ ವಿಷಯದಲ್ಲೂ ಇದೇ ನೋವು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳಿವೆ. ನನ್ನಂಥವಳಿಗೆ ಅದು ಚಿನ್ನದ ಗಣಿ, ಅಮ್ಮನಿಗೆ ಮುಚ್ಚಿದ ಕಪಾಟು. ಸ್ಕ್ಯಾನ್ ಮಾಡಿದ ಪುಟಗಳು ಅವು. ಅದಕ್ಕೇ ಅಕ್ಷರ ಅಕ್ಷರವಾಗಿ ಟೈಪ್ ಮಾಡಿ, ತಿದ್ದಿ ಏರಿಸಿರುವ ತಾಣಗಳ ಮೇಲೆ ನನಗೆ ವಿಶೇಷ ಪ್ರೀತಿ. ವಚನ ಸಂಚಯದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳು ಯುನಿಕೋಡಿನಲ್ಲಿವೆ. ಒಂದು ಪದ ಕೊಟ್ಟರೆ ಆ ಪದ ಬಂದಿರುವ ವಚನಗಳನ್ನೆಲ್ಲ ತಂದು ನಿಲ್ಲಿಸುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲೂ ಓದಿಸಿಕೊಳ್ಳಬಹುದಾದ ಬರಹ ಬೇಕಾದಷ್ಟಿದೆ. ಅಮ್ಮ ಮಧ್ಯಾಹ್ನ ಊಟವಾದ ಮೇಲೆ ಅಟ್ಟದ ಕಿಟಕಿಯ ಹತ್ತಿರ ಕೂತು ಅಕ್ಕಮಹಾದೇವಿಯ ವಚನ ಕೇಳುತ್ತಾಳೆ. ದನಿ ತಪ್ಪು ಜಾಗದಲ್ಲಿ ಪದ ಒಡೆದರೆ ಅವಳು ತಾನೇ ಸರಿಯಾಗಿ ಹೇಳಿಕೊಂಡು ಮುಂದಿನದಕ್ಕೆ ಸವರುತ್ತಾಳೆ. ಬಹಳಷ್ಟು ಅವಳಿಗೆ ಬಾಯಿಗೇ ಬರುತ್ತದೆ. ಮೊದಲ ಸಾಲು ಎತ್ತಿಕೊಡಲು ಯಾರಾದರೂ ಬೇಕು ಅಷ್ಟೆ.

ಪದಕ್ಕೆ ಅರ್ಥ ಬೇಕಾದಾಗ ಅಲರ್. ವಿ. ಕೃಷ್ಣ ಎಂಬವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ಕನ್ನಡ ಪದ. 2019ರಲ್ಲಿ ಅದನ್ನು ಎಲ್ಲರೂ ಮುಕ್ತವಾಗಿ ಬಳಸುವಂತೆ ಅಂತರ್ಜಾಲದಲ್ಲಿ ಇಟ್ಟರು. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಪದ ಕೊಟ್ಟರೆ ಅರ್ಥ. ಒಬ್ಬ ಮನುಷ್ಯನ ಜೀವಮಾನದ ದುಡಿಮೆ ಹೀಗೆ ನನ್ನ ಅಂಗೈಗೆ ಬಂದು ಕೂತಿದೆಯಲ್ಲ ಎಂದು ಪ್ರತಿ ಸಲ ತೆರೆದಾಗಲೂ ಅನಿಸುತ್ತದೆ.

ಟೈಪ್ ಮಾಡುವುದನ್ನು ಅಮ್ಮನಿಗೆ ಕಲಿಸಲು ನಾನು ಹೋಗಲಿಲ್ಲ. 2017ರ ಆಗಸ್ಟ್‌ನಿಂದ ಗೂಗಲ್ ಕೀಲಿಮಣೆಯಲ್ಲಿ ಕನ್ನಡ ಮಾತನ್ನು ಬರಹ ಮಾಡುವ ಸೌಲಭ್ಯ ಇದೆ. ಮೈಕಿನ ಗುರುತು ಒತ್ತಿ ಮಾತಾಡಿದರೆ ಆಯಿತು. ಮೊದಲ ವಾರ ಅಮ್ಮನ ಮೆಸೇಜುಗಳು ನನಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಕಡೆಯ ಮಾತು ಯಂತ್ರದ ಕಿವಿಗೆ ಹೊಸದು. 'ಸಂಕ' ಅಂದರೆ ಶಂಖವಾಗುತ್ತಿತ್ತು, 'ಕೊಟ್ಟೆ' ಏನೇನೋ ಆಗುತ್ತಿತ್ತು. ಅಮ್ಮ ತಾನೇ ಉಪಾಯ ಕಂಡುಕೊಂಡಳು. ಈಗ ಮೈಕು ಒತ್ತಿದ ಕೂಡಲೇ ಅವಳ ಕನ್ನಡ ಬದಲಾಗುತ್ತದೆ. ಭದ್ರಾವತಿ ಆಕಾಶವಾಣಿಯ ವಾರ್ತೆ ಕೇಳುತ್ತಾ ಬೆಳೆದ ಕಿವಿ ಅವಳದು. ಆ ಗತ್ತಿನಲ್ಲಿ, ಒಂದೊಂದು ಪದ ಬಿಡಿಸಿ, "ಇಂದು ಮಧ್ಯಾಹ್ನ ಮಳೆ ಬಂದಿದೆ. ಅಡಿಕೆ ಒಳಗೆ ತೆಗೆದಿದ್ದೇವೆ" ಎಂದು ಹೇಳುತ್ತಾಳೆ. ಬರಹ ತಪ್ಪಿಲ್ಲದೆ ಬರುತ್ತದೆ. ನನಗೆ ಮಾತ್ರ ಮನಸ್ಸಿನ ಮೂಲೆಯಲ್ಲಿ ಒಂದು ಬೇಸರ. ಅವಳ ಮೆಸೇಜಿನಲ್ಲಿ ಅವಳ ಮಾತು ಇಲ್ಲ. ಹಾಗಾಗಿ ವಾರಕ್ಕೊಂದಾದರೂ ಧ್ವನಿ ಮೆಸೇಜೇ ಕಳಿಸು ಎಂದು ಕೇಳಿಕೊಂಡಿದ್ದೇನೆ. ಅವನ್ನೆಲ್ಲ ಬೇರೆ ಕಡೆ ಉಳಿಸಿ ಇಡುತ್ತಿದ್ದೇನೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಒಮ್ಮೆ ಬಸ್ಸಿನಲ್ಲಿ ಅಮ್ಮ ನೂರರ ನೋಟೆಂದು ಐನೂರರದ್ದು ಕೊಟ್ಟಳು. ಕಂಡಕ್ಟರು ಒಳ್ಳೆಯವನು, ವಾಪಸು ಕೈಯಲ್ಲಿಟ್ಟು ಹೇಳಿದ. ಅವತ್ತಿನಿಂದ ಅವಳು ಪೇಟೆಗೆ ಹೋಗುವುದನ್ನೇ ಕಡಿಮೆ ಮಾಡಿದಳು. ಈಗಿನ ನೋಟುಗಳನ್ನು ನಾನು ಅಳತೆಪಟ್ಟಿ ಹಿಡಿದು ನೋಡಿದೆ. ನೂರು, ಇನ್ನೂರು, ಐನೂರು, ಮೂರರ ಅಗಲವೂ 66 ಮಿಲಿಮೀಟರು. ಉದ್ದ ಕ್ರಮವಾಗಿ 142, 146, 150. ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸ ನಾಲ್ಕೇ ಮಿಲಿಮೀಟರು, ಒಂದು ಹೆಸರುಕಾಳಿನಷ್ಟು. ಅಂಚಿನಲ್ಲಿ ಬೆರಳಿಗೆ ಸಿಗುವ ಓರೆ ಗೆರೆಗಳಿವೆ: ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕು ಗೆರೆಯ ನಡುವೆ ಎರಡು ಸೊನ್ನೆ, ಐನೂರಕ್ಕೆ ಐದು. ಹೊಸ ನೋಟಿನಲ್ಲಿ ಅಮ್ಮನ ಬೆರಳಿಗೆ ಇವು ಚೆನ್ನಾಗಿ ಸಿಗುತ್ತವೆ. ಆದರೆ ಸಂತೆಯ ನೋಟು ಬೆವರು ಕುಡಿದು, ಮಡಿಚಿ, ಸವೆದು ಬಂದಿರುತ್ತದೆ.

ಇಲ್ಲಿ ನೆರವಿಗೆ ಬಂದದ್ದು ಮಣಿ ಎಂಬ ಆ್ಯಪ್. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರತಂದದ್ದು. ಕ್ಯಾಮೆರಾದ ಮುಂದೆ ನೋಟು ಹಿಡಿದರೆ ಎಷ್ಟರದೆಂದು ಹೇಳುತ್ತದೆ. ಖೋಟಾ ನೋಟು ಹಿಡಿಯುವ ಕೆಲಸ ಅದರದಲ್ಲ. ಆದರೆ ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ಟು ಬೇಡ. ನಮ್ಮ ಅಡುಗೆಮನೆಯಲ್ಲೂ ಕೆಲಸ ಮಾಡುವ ಆ್ಯಪ್ ಎಂದರೆ ಏನೆಂದು ಮಲೆನಾಡಿನವರಿಗೆ ಗೊತ್ತು. ಈ ನಾಲ್ಕು ವರ್ಷದಲ್ಲಿ ನಾನು ನೋಡಿದ ಎಲ್ಲ ಆ್ಯಪ್‌ಗಳಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇದರ ಮೇಲೆ. ಒಂದೇ ಕೆಲಸ, ಅದಷ್ಟನ್ನೇ ಮಾಡುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ.

ಅಂಗಡಿಯಲ್ಲಿ ನಿಂತು ಫೋನು ತೆಗೆದು ನೋಟು ಹಿಡಿಯುವುದು ಅಮ್ಮನಿಗೆ ಇಷ್ಟವಿಲ್ಲ. ಅದಕ್ಕೆ ಹಿಂದಿನ ರಾತ್ರಿ ಮನೆಯಲ್ಲಿ ಮಣಿಯ ಮುಂದೆ ಒಂದೊಂದೇ ಹಿಡಿದು, ಮಡಿಚಿ ಇಡುತ್ತಾಳೆ. ನೂರರದ್ದು ಒಂದು ಮಡಿಕೆ, ಇನ್ನೂರರದ್ದು ಎರಡು, ಐನೂರರದ್ದು ಉದ್ದಕ್ಕೆ. ಪೇಟೆಯಲ್ಲಿ ಬೆರಳು ಮಡಿಕೆ ಎಣಿಸುತ್ತದೆ. ಚಿಲ್ಲರೆ ಬಂದರೆ ಬೇರೆ ಜೇಬಿಗೆ, ಅದಕ್ಕೆ ಮನೆಗೆ ಬಂದ ಮೇಲೆ ಮಣಿ.

ಯುಪಿಐ ಬೇಡ ಎಂದು ಅವಳೇ ಹೇಳಿದಳು. ಪಿನ್ ಒತ್ತುವಾಗ ಇಯರ್‌ಫೋನ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಓದುವ ದನಿ ಪಕ್ಕದವರಿಗೂ ಕೇಳೀತು. ಇಯರ್‌ಫೋನ್ ಹಾಕಿಕೊಂಡರೆ ಅಂಗಡಿಯವನ ಮಾತು ಕೇಳುವುದಿಲ್ಲ. ನಮ್ಮೂರಿನಲ್ಲಿ ಕೆಲವರು ಫೋನನ್ನೇ ಅಂಗಡಿಯವರ ಕೈಗೆ ಕೊಟ್ಟು ಪಿನ್ ಬಾಯಲ್ಲಿ ಹೇಳುತ್ತಾರೆ. ಅಮ್ಮ ಅದಕ್ಕೆ ಒಪ್ಪುವವಳಲ್ಲ, ನಾನೂ ಒಪ್ಪುವುದಿಲ್ಲ. ವಂಚನೆಯಿಂದ ದುಡ್ಡು ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕೆಂಬುದನ್ನು ಮಾತ್ರ ಬಾಯಿಪಾಠ ಮಾಡಿಸಿದ್ದೇನೆ.

ನವೆಂಬರ್ ಬಂದರೆ ಇನ್ನೊಂದು ಪರೀಕ್ಷೆ. ಅಪ್ಪ ಅಂಚೆ ಇಲಾಖೆಯಲ್ಲಿದ್ದವರು, ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಪ್ರಮಾಣಪತ್ರ ಕೊಡಬೇಕು. ಮನೆಯಲ್ಲೇ ಮಾಡೋಣವೆಂದು ಮುಖ ಗುರುತಿಸುವ ಆ್ಯಪ್ ಒಂದನ್ನು ತೆರೆದೆ. ಮುಖವನ್ನು ವೃತ್ತದೊಳಗೆ ಹಿಡಿಯಿರಿ ಎಂದು ಪರದೆಯ ಮೇಲೆ ಬರೆದು ತೋರಿಸಿತು. ವೃತ್ತ ಅಮ್ಮನಿಗೆ ಕಾಣದು. ಕಾಣಲಿ ಎಂದು ಅವಳು ಕಣ್ಣು ಪಕ್ಕಕ್ಕೆ ಸರಿಸಿದರೆ, ನೇರ ನೋಡಿ ಎಂದಿತು. ಆಮೇಲೆ ಕಣ್ಣು ಮಿಟುಕಿಸಿ ಎಂದಿತು. ನಾನು ಹಿಂದೆ ನಿಂತು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಐದನೇ ಸಲಕ್ಕೆ ಅಮ್ಮ ಎದ್ದಳು. "ಬದುಕಿದ್ದು ಹೌದು ಅಂತ ನನಗೆ ಗೊತ್ತುಂಟು, ಸಾಕು" ಎಂದು ಅಡುಗೆಮನೆಗೆ ಹೋದಳು. ನನಗೆ ಕಣ್ಣಲ್ಲಿ ನೀರು ಬಂತು.

ಅದೇ ವರ್ಷ, 2025ರ ಏಪ್ರಿಲ್ 30ರಂದು, ಸುಪ್ರೀಂ ಕೋರ್ಟು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಆಸಿಡ್ ದಾಳಿಯಲ್ಲಿ ಕಣ್ಣು, ಮುಖ ಕಳೆದುಕೊಂಡವರಿಗೂ, ದೃಷ್ಟಿ ಇಲ್ಲದವರಿಗೂ ಕಣ್ಣು ಮಿಟುಕಿಸಿ ಎನ್ನುವ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಹೇಗೆ ಸಾಧ್ಯ ಎಂಬ ಪ್ರಶ್ನೆ ಅಲ್ಲಿತ್ತು. ಡಿಜಿಟಲ್ ಸೇವೆ ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಕೆವೈಸಿಯನ್ನು ಇಂಥವರೂ ಮಾಡಿಕೊಳ್ಳುವಂತೆ ಬದಲಿಸಲು ನ್ಯಾಯಾಲಯ ನಿರ್ದೇಶನ ಕೊಟ್ಟಿತು. ಆ ತೀರ್ಪಿನ ವರದಿಯನ್ನು ಅಮ್ಮನಿಗೆ ನಾನೇ ಓದಿ ಹೇಳಿದೆ. ಯಂತ್ರದ ದನಿಗೆ ಬಿಡಲು ಮನಸ್ಸಾಗಲಿಲ್ಲ.

ಪ್ರಮಾಣಪತ್ರ ಕೊನೆಗೆ ಆಗಿದ್ದು ಪೋಸ್ಟ್‌ಮ್ಯಾನ್‌ನಿಂದ. ಮನೆ ಬಾಗಿಲಿಗೇ ಬಂದು ಬೆರಳಚ್ಚು ತೆಗೆದುಕೊಂಡು ಮಾಡಿಕೊಡುವ ವ್ಯವಸ್ಥೆ ಅಂಚೆ ಇಲಾಖೆಯಲ್ಲಿದೆ, ಅಲ್ಪ ಶುಲ್ಕ. ಅಡಿಕೆ ಸುಲಿದು ಅಮ್ಮನ ಬೆರಳಿನ ಗೆರೆ ಸವೆದಿದೆ, ಚೊಗರಿನ ಕಪ್ಪು ಬೇರೆ. ಎರಡು ಬೆರಳು ಹಿಡಿಯಲಿಲ್ಲ. ಅವರು ಅವಸರ ಮಾಡಲಿಲ್ಲ. ಬಿಸಿನೀರಿನಲ್ಲಿ ಕೈ ತೊಳೆಸಿ, ಒರೆಸಿ, ಎಡಗೈ ಉಂಗುರ ಬೆರಳು ಇಡಿಸಿದರು. ಆಯಿತು. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು ಕಾಫಿ ಕುಡಿದು ಹೋದರು.

ಮಾತ್ರೆಗಳದ್ದು ಸಣ್ಣ ವಿಷಯ, ಹೇಳಿಬಿಡುತ್ತೇನೆ. ಹೊಳೆಯುವ ಮಾತ್ರೆ ಶೀಟಿನ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರವನ್ನು ಕ್ಯಾಮೆರಾದಿಂದ ಓದಿಸಲು ನೋಡಿ ಸೋತೆವು. ಈಗ ಬೆಳಗಿನ ಶೀಟಿಗೆ ಒಂದು ರಬ್ಬರ್ ಬ್ಯಾಂಡು, ರಾತ್ರಿಯದಕ್ಕೆ ಎರಡು.

ಬೊಟ್ಟಿನ ಉಪಾಯವೂ ಅಮ್ಮನದೇ. ಹಣೆಗೆ ಹಚ್ಚುವ ಸ್ಟಿಕ್ಕರ್ ಬೊಟ್ಟು. ನಾನು ಸುರಕ್ಷಿತವೆಂದು ಇಂಡಕ್ಷನ್ ಒಲೆ ತಂದುಕೊಟ್ಟಿದ್ದೆ. ಗಾಜಿನ ಹಾಗೆ ನುಣುಪಾದ ಅದರ ಮೇಲ್ಮೈಯಲ್ಲಿ ಬೆರಳಿಗೆ ಸಿಗುವಂಥದ್ದು ಏನೂ ಇರಲಿಲ್ಲ. ಬಟನ್ ಎಲ್ಲಿದೆ ಎಂದು ತಡವಿದರೆ ತಡವಿದ್ದೇ ಒತ್ತಿದಂತಾಗುತ್ತಿತ್ತು. ಒಂದು ದಿನ ಅಮ್ಮ ಆನ್ ಬಟನ್ನಿನ ಪಕ್ಕಕ್ಕೆ, ಮೇಲೆ ಅಲ್ಲ, ಒಂದು ಬೊಟ್ಟು ಅಂಟಿಸಿದಳು. ಬೆರಳು ಮೊದಲು ಬೊಟ್ಟಿಗೆ ಹೋಗುತ್ತದೆ, ಅಲ್ಲಿಂದ ಬಲಕ್ಕೆ ಒಂದು ಬೆರಳಿನಷ್ಟು. ಆಮೇಲೆ ಮಿಕ್ಸಿಯ ಸೊನ್ನೆಗೆ ಒಂದು, ವಾಷಿಂಗ್ ಮೆಷಿನ್ನಿಗೆ ಎರಡು, ಚಾರ್ಜರಿನ ಪಿನ್ನಿನ ಮೇಲ್ಮುಖಕ್ಕೆ ಒಂದು, ಫೋನಿನ ಪವರ್ ಬಟನ್ನಿನ ಕೆಳಗೆ ಒಂದು. ಹಳೆಯ ಗ್ಯಾಸ್ ಒಲೆಯ ಕಿವಿಗಳಿಗೆ ಏನೂ ಬೇಕಾಗಲಿಲ್ಲ, ಅವು ತಿರುಗಿಸಿದಷ್ಟನ್ನು ಕೈಗೇ ಹೇಳುತ್ತವೆ. ಹೊಸ ಯಂತ್ರ ಕೊಳ್ಳುವಾಗ ನಾನೀಗ ಮೊದಲು ನೋಡುವುದೇ ತಿರುಗುವ ಗುಂಡಿ ಇದೆಯೇ ಎಂದು. ಪೇಟೆಯಲ್ಲಿ ಅಂಥವು ಕಡಿಮೆಯಾಗುತ್ತಾ ಬಂದಿವೆ.

ಈಗ ಅಮ್ಮನ ಫೋನಿನ ಮೊದಲ ಪರದೆಯಲ್ಲಿ ಒಂಬತ್ತೇ ಗುರುತುಗಳಿವೆ, ಮೂರು ಸಾಲು, ಚೌಕಾಬಾರದ ಮನೆಯಂತೆ. ಜಾಗ ನಾನು ಬದಲಿಸುವ ಹಾಗಿಲ್ಲ. ಫೋನು, ವಾಟ್ಸ್‌ಆ್ಯಪ್, ಲೆನ್ಸ್, ಮಣಿ, ಆಕಾಶವಾಣಿಯ ನ್ಯೂಸ್‌ಆನ್‌ಏರ್, ಪೇಪರು, ವಚನ. ಎಂಟನೆಯದು ದಾಮಿನಿ, ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಸಿಡಿಲಿನ ಎಚ್ಚರಿಕೆ. ಏಪ್ರಿಲ್, ಮೇ ತಿಂಗಳ ಮಳೆಗೆ ಮೊದಲು ಟಿವಿ, ಮೋಡೆಮ್ಮುಗಳ ಪ್ಲಗ್ ಕೀಳಲು. ಒಂಬತ್ತನೆಯದು ಕೃಷಿ ಮಾರಾಟ ವಾಹಿನಿ, ಕರ್ನಾಟಕದ ಮಾರುಕಟ್ಟೆಗಳ ದಿನದ ಧಾರಣೆ ಹಾಕುವ ತಾಣ. ಪಟ್ಟಿಯನ್ನು ಕಿವಿಯಿಂದ ಓದುವುದು ಕಷ್ಟ. ಕನಿಷ್ಠ ಯಾವುದು, ಗರಿಷ್ಠ ಯಾವುದು ಎಂದು ಕಾಲಮ್ಮಿನ ಕ್ರಮ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಮ್ಮ ಇಟ್ಟುಕೊಂಡಿದ್ದಾಳೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಈ ನಾಲ್ಕು ಬಗೆಗಳ ಧಾರಣೆಯನ್ನೂ ನನಗೆ ಫೋನಿನಲ್ಲಿ ಹೇಳುತ್ತಾಳೆ. ಊರಿನ ಕೆಲವರು ಈಗ ಅವಳನ್ನೇ ಕೇಳುತ್ತಾರೆ.

ಕಳೆದ ಸಲ ಹೋದಾಗ ಕೆಳಮನೆಯ ದೊಡ್ಡಪ್ಪ ನಮ್ಮ ಜಗಲಿಯಲ್ಲಿ ಕೂತಿದ್ದರು. ಅವರಿಗೂ ಓದಲು ಕಷ್ಟವಾಗುತ್ತಿದೆಯಂತೆ. ಅಮ್ಮ ಅವರ ಫೋನನ್ನು ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು.

"ಕಣ್ಣು ಬಿಟ್ಟುಕೊಂಡು ಕಲಿಯೋದಕ್ಕೆ ಬರೂದಿಲ್ಲ ಭಾವ, ಮುಚ್ಚಿ. ಈಗ ಮುಟ್ಟಿ. ಎಂತ ಹೇಳ್ತು?"

ನಾನು ಚೀಲ ಒಳಗಿಟ್ಟು ಕಾಫಿಗೆ ನೀರಿಟ್ಟೆ. ಹೊರಡುವ ಹೊತ್ತಿಗೆ ಅಮ್ಮ ಮುಂದಿನ ಸಲ ತರಬೇಕಾದ್ದನ್ನು ಹೇಳಿದಳು: ರಬ್ಬರ್ ಬ್ಯಾಂಡು ಒಂದು ಪೊಟ್ಟಣ, ದೊಡ್ಡಪ್ಪನಿಗೆ ಇಯರ್‌ಫೋನು, ಎರಡು ಹಾಳೆ ಬೊಟ್ಟು.

"ಕೆಂಪೇ ಆಗಬೇಕಾ?" ಎಂದು ಕೇಳಿದೆ.

"ಬಣ್ಣ ಯಾವುದಾದರೂ ಆಗ್ತದೆ," ಅಂದಳು ನನ್ನ ಕಿವಿಯ ಕಡೆ ನೋಡುತ್ತಾ. "ದಪ್ಪ ಇರ್ಲಿ."